ಹಳೇ ಫೈಬರ್ ದೋಣಿಯ ಸೀಟು ಎತ್ತರಿಸಬೇಕು, ಮುಂದೆ ಏನೂ ಕಾಣ್ತಿಲ್ಲ (ಕನ್ನಂಬಾಡಿ ಹಿನ್ನೀರು)

ಹಿನ್ನೀರು ಬಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೆ.ಆರ್.ಎಸ್. ಹಿನ್ನೀರು, ಮೈಸೂರು ಕಡೆಯ ದಡ. ಅಪ್ಪ ಮೊದಲಿಂದಲೂ ತೆಪ್ಪದಲ್ಲೇ ಬಲೆ ಬಿಟ್ಟವರು. ಈಚೆಗೆ ಕರಾವಳಿ ಕಡೆಯಿಂದ ಒಂದು ಹಳೇ ಫೈಬರ್ ದೋಣಿ ತಂದಿದ್ದೇವೆ. 16 ಅಡಿ ಉದ್ದ, 5 ಅಡಿ ಅಗಲ, 15 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗಡೆ ಕಚ್ಚಿಸೋ ಮೋಟರ್), ಸ್ಟೀರಿಂಗ್ ಇಲ್ಲ, ಹಿಡಿಕೆ ಹಿಡಿದೇ ಓಡಿಸಬೇಕು. ಅಡ್ಡಡ್ಡ ಮೂರು ಹಲಗೆ ಸೀಟು ಇವೆ, ಮೂರೂ ತಗ್ಗು. ಹಿಂದಿನ ಹಲಗೆ ಮೇಲೆ ಅಪ್ಪ ಕೂತರೆ ಮಂಡಿ ಎದೆಗೆ ಬರುತ್ತೆ.

ತೊಂದರೆ ಏನಂದ್ರೆ, ಬಲೆ, ಐಸ್ ಪೆಟ್ಟಿಗೆ ತುಂಬಿಕೊಂಡು ವೇಗ ಕೊಟ್ಟ ಕೂಡಲೇ ದೋಣಿಯ ಮೂತಿ ಎದ್ದು ನಿಲ್ಲುತ್ತೆ. ಎದುರಿಗಿರೋ ಬಲೆಯ ತೇಲುಬಾಟಲಿ, ಮೋಟುಮರ ಯಾವುದೂ ಕಾಣಲ್ಲ. ಅಪ್ಪ ಒಂದು ಕೈಯಲ್ಲಿ ಹಿಡಿಕೆ ಹಿಡಿದು ಅರ್ಧ ಎದ್ದು ನಿಂತೇ ಓಡಿಸ್ತಾರೆ. ವಯಸ್ಸು ಅರವತ್ತು ದಾಟಿದೆ, ನನಗೆ ಪ್ರತಿದಿನ ಭಯ. ಮೂರೂ ಸೀಟನ್ನು ಕತ್ತರಿಸಿ ತೆಗೆದು, ಒಂದು ಅಡಿ ಎತ್ತರಕ್ಕೆ ಹೊಸದಾಗಿ ಕಟ್ಟಿಸೋಣ ಅಂತಿದ್ದೇನೆ. ಗೊತ್ತಿರೋರು ದಯವಿಟ್ಟು ಹೇಳಿ.

ತೆಪ್ಪದ ತಮ್ಮ

ಅಣ್ಣ, ನೀವು ಈ ವಿಚಾರ ತಗಂಡಿದ್ದು ಬೋ ಒಳ್ಳೇದಾಯ್ತು. ನಾನು ಈಗ್ಲೂ ತೆಪ್ಪದಲ್ಲೇ ಬಲೆ ಎತ್ತೋನು. ಮೋಟ್ರು ದೋಣಿ ಬತ್ತಿದ್ರೆ ಸದ್ದು ದೂರದಿಂದ್ಲೇ ಕೇಳ್ತದೆ, ಅದು ಸರಿ. ಆದ್ರೆ ಬಲೆ ಎಳೀವಾಗ ಎರಡು ಕೈಯೂ ಬಲೆ ಮ್ಯಾಲೆ, ಹುಟ್ಟು ಕಾಲಡೀಲಿ. ಬಗ್ಗಿರ್ತೀವಿ. ತೆಪ್ಪ ಗುಂಡಗಿರೋದ್ರಿಂದ ಒಂದೇ ಏಟಿಗೆ ಪಕ್ಕಕ್ಕೆ ಜಾರಲ್ಲ, ಮೊದ್ಲು ಸುತ್ತುತ್ತದೆ. ಧನುರ್ಮಾಸದ ಮಂಜಲ್ಲಂತೂ ದೋಣಿಯೋರಿಗೆ ನಾವು ಕಾಣೋದೇ ಕೊನೇ ಗಳಿಗೇಲಿ. ಅಪ್ಪಾರ ಭಯ ಎಷ್ಟಿದೆಯೋ ಅಷ್ಟೇ ಭಯ ಈ ಕಡೆ ತೆಪ್ಪದೋರಿಗೂ ಅದೆ. ಏನಾದ್ರೂ ಮಾಡಿ, ಬೇಗ ಮಾಡಿ.

ಕಬಿನಿ ದಡ

ಅಷ್ಟೊಂದು ಖರ್ಚು ಯಾಕೆ? ನಮ್ಮ ಕಡೆ ಟೊಮೆಟೊ ಕ್ರೇಟ್ ತಲೆಕೆಳಗು ಹಾಕ್ಕೊಂಡು ಅದರ ಮೇಲೆ ಗೋಣಿಚೀಲ ಮಡಚಿ ಕೂರ್ತಾರೆ. ಒಂದಡಿ ಎತ್ತರ ಪುಕ್ಕಟೆ ಸಿಕ್ತದೆ.

ಮಲ್ಪೆಯಿಂದ ಮಂಡ್ಯಕ್ಕೆ

ಕ್ರೇಟ್ ಬೇಡ. ದಯವಿಟ್ಟು ಬೇಡ. ಕಟ್ಟಿಲ್ಲದ ಯಾವ ವಸ್ತುವನ್ನೂ ಸೀಟು ಅಂತ ಬಳಸಬೇಡಿ. ಒದ್ದೆ ಫೈಬರ್ ನೆಲದ ಮೇಲೆ ಪ್ಲಾಸ್ಟಿಕ್ ಜಾರುತ್ತೆ, ಹಿಡಿಕೆ ಹಿಡಿದವರು ಜಾರಿದರೆ ಕೈಯಲ್ಲಿರೋ ಹಿಡಿಕೆಯೂ ಅವರ ಜೊತೆ ಪಕ್ಕಕ್ಕೆ ಹೋಗುತ್ತೆ, ದೋಣಿ ಗಕ್ಕನೆ ತಿರುಗುತ್ತೆ. ಆಮೇಲೆ ಮನುಷ್ಯ ನೀರಿನಲ್ಲಿ, ಪ್ರೊಪೆಲ್ಲರ್ ಅವನ ಸುತ್ತ.

ಈಗ ಮೂಲ ಪ್ರಶ್ನೆಗೆ. ನಾನು ಕರಾವಳಿಯಲ್ಲಿ ದೋಣಿ ರಿಪೇರಿ ಕೆಲಸದಲ್ಲೇ ಬೆಳೆದವನು, ಈಗ ಮಂಡ್ಯದಲ್ಲಿದ್ದೇನೆ. ನನ್ನ ಮಾತು ಒಂದೇ: ಸೀಟು ಎತ್ತರಿಸುವ ಮೊದಲು ಮೂತಿ ಇಳಿಸಿ. ನಿಮ್ಮ ತಂದೆಗೆ ಕಾಣದಿರಲು ಸೀಟು ತಗ್ಗಾಗಿರೋದು ಅರ್ಧ ಕಾರಣ ಇರಬಹುದು, ಮೂತಿ ಎದ್ದಿರೋದು ಅದಕ್ಕಿಂತ ದೊಡ್ಡ ಕಾರಣ.

ಮೂತಿ ಏಕೆ ಏಳುತ್ತೆ ಅಂದ್ರೆ, ಈ ಅಳತೆಯ ದೋಣಿ ನೀರನ್ನು ಸೀಳಿಕೊಂಡು ಸಲೀಸಾಗಿ ಹೋಗೋದು ಗಂಟೆಗೆ ಸುಮಾರು 9–10 ಕಿ.ಮೀ. ವರೆಗೆ ಮಾತ್ರ. ಅದರಾಚೆ ವೇಗ ಬೇಕಂದ್ರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರಬೇಕು. ಖಾಲಿ ಇದ್ದಾಗ 15 ಎಚ್‌ಪಿ ಅದನ್ನು ಹತ್ತಿಸುತ್ತೆ. ಬಲೆ, ಐಸು, ಮೀನು, ಇಬ್ಬರು ಜನ ಎಲ್ಲಾ ಸೇರಿದಾಗ ಹತ್ತಲಾರದೆ ನಡುವೆಯೇ ಸಿಕ್ಕಿಕೊಳ್ಳುತ್ತೆ: ಹಿಂದೆ ಕುಸಿದು, ಮುಂದೆ ಎದ್ದು, ಪೆಟ್ರೋಲ್ ಕುಡಿದುಕೊಂಡು. 12ರಿಂದ 16 ಕಿ.ಮೀ. ವೇಗದ ನಡುವೆ ಕಷ್ಟ ಜಾಸ್ತಿ. ನೀವು ಹೇಳಿದ ಲಕ್ಷಣ ಅದೇ.

ಹಾಗಾಗಿ ಮೊದಲು ನೋಡಬೇಕಾದ್ದು ಭಾರ ಎಲ್ಲಿದೆ ಅಂತ. ಪೆಟ್ರೋಲ್ ಟ್ಯಾಂಕ್ ಎಲ್ಲಿಟ್ಟಿದ್ದೀರಿ? ಐಸ್ ಪೆಟ್ಟಿಗೆ ಎಲ್ಲಿ? ಮೋಟರ್ ಅನ್ನು ಹಿಂಹಲಗೆಗೆ (ಸೀಟಲ್ಲ, ದೋಣಿಯ ಹಿಂತುದಿಯ ಗೋಡೆ) ಕಚ್ಚಿಸಿರೋ ಬ್ರಾಕೆಟ್ಟಿನಲ್ಲಿ ಅಡ್ಡ ಒಂದು ಪಿನ್ ಇರುತ್ತೆ, ಅದಕ್ಕೆ ನಾಲ್ಕೈದು ತೂತು. ಪಿನ್ ಹೊರಗಿನ ತೂತಿನಲ್ಲಿದ್ದರೆ ಮೋಟರಿನ ಕಾಲು ದೋಣಿಯಿಂದ ದೂರ ಚಾಚಿರುತ್ತೆ, ಅದು ಮೂತಿಯನ್ನು ಮೇಲಕ್ಕೆ ಒತ್ತುತ್ತೆ. ಒಂದೊಂದೇ ತೂತು ಒಳಗೆ ತಂದು ನೋಡಿ. ಪ್ರೊಪೆಲ್ಲರ್ ಮೇಲಿರೋ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಹೆಚ್ಚುಕಡಿಮೆ ಸಮ ಇರಬೇಕು. ಅದು ತೀರಾ ಕೆಳಗಿದ್ದರೆ ಉದ್ದ ಕಾಲಿನ ಮೋಟರನ್ನು ಗಿಡ್ಡ ಹಿಂಹಲಗೆಗೆ ಹಾಕಿದ್ದಾರೆ ಅಂತ ಅರ್ಥ. ಗಿಡ್ಡ ಕಾಲಿಗೆ 15 ಇಂಚು, ಉದ್ದ ಕಾಲಿಗೆ 20 ಇಂಚು ಹಿಂಹಲಗೆ ಲೆಕ್ಕ.

ಇನ್ನೊಂದು ವಿಷಯ, ಹಳೇ ದೋಣಿಯಾದ್ದರಿಂದ ಹೇಳ್ತಿದ್ದೇನೆ. ಹಿಂದಿನ ಸೀಟಿನ ಒಳಗೆ ಫೋಮ್ ತುಂಬಿರುತ್ತೆ. ವರ್ಷಗಟ್ಟಲೆ ನೀರು ಕುಡಿದಿದ್ದರೆ ಅದೇ ಹತ್ತಾರು ಕಿಲೋ ಭಾರ. ದೋಣಿಯನ್ನು ದಡಕ್ಕೆಳೆದು, ಮೂತಿ ಎತ್ತಿ ನಿಲ್ಲಿಸಿ, ಹಿಂದಿನ ಸೀಟಿನ ಬುಡದಲ್ಲಿ ಸಣ್ಣ ತೂತು ಕೊರೆದು ನೋಡಿ. ನೀರು ತೊಟ್ಟಿಕ್ಕೋಕೆ ಶುರುವಾದ್ರೆ ಉತ್ತರ ಸಿಕ್ಕ ಹಾಗೆ.

ಹಿನ್ನೀರು ಬಲೆ

ಟ್ಯಾಂಕ್, ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲಾ ಹಿಂದೆಯೇ ಇದೆ. ಕೈಗೆ ಹತ್ತಿರ ಇರಲಿ ಅಂತ ಹಾಗೆ ಇಟ್ಟಿರೋದು. ಪಿನ್ ನೋಡಿದೆ, ಹೊರಗಿಂದ ಎರಡನೇ ತೂತಿನಲ್ಲಿದೆ. ಇಷ್ಟಕ್ಕೇ ಅಷ್ಟು ವ್ಯತ್ಯಾಸ ಆಗುತ್ತಾ? ಒಂದು ಅಡಿ ಸೀಟು ಎತ್ತರಿಸೋದು ನೇರ ದಾರಿ ಅನ್ನಿಸುತ್ತೆ.

ಲೆಕ್ಕದ ಮೇಷ್ಟ್ರು

ಹೈಸ್ಕೂಲಿನ ಸಮರೂಪ ತ್ರಿಭುಜ ಸಾಕು, ಇದಕ್ಕೆ ಲೆಕ್ಕ ಹಾಕಬಹುದು. ನಿಮ್ಮ ದೋಣಿಗೆ ಅಂದಾಜು ಅಳತೆ ಹಿಡಿದಿದ್ದೇನೆ, ನೀವು ಟೇಪ್ ಹಿಡಿದು ಸರಿಮಾಡಿಕೊಳ್ಳಿ.

ಕೂತಾಗ ಅಪ್ಪನ ಕಣ್ಣು ನೀರಿನಿಂದ 48 ಇಂಚು ಎತ್ತರ. ಕಣ್ಣಿನಿಂದ ಮೂತಿಯ ತುದಿಗೆ 12 ಅಡಿ. ಮೂತಿ ಎದ್ದಾಗ ಅದರ ತುದಿ ನೀರಿನಿಂದ 40 ಇಂಚು ಅಂತ ಇಟ್ಟುಕೊಳ್ಳಿ. ಆಗ ಕಣ್ಣು ಮೂತಿಗಿಂತ ಬರೀ 8 ಇಂಚು ಮೇಲೆ. ಮೂತಿಯ ಆಚೆಗೆ 60 ಅಡಿ ತನಕ ನೀರಿನ ಮೇಲ್ಮೈ ಕಾಣೋದೇ ಇಲ್ಲ. ಗಂಟೆಗೆ 15 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 14 ಅಡಿ. ನಾಲ್ಕು ಸೆಕೆಂಡಿಗೂ ಮೀರಿ ಕಣ್ಣು ಕಟ್ಟಿಕೊಂಡು ಹೋದ ಹಾಗೆ.

ಈಗ ಸೀಟು ಮುಟ್ಟಬೇಡಿ, ಮೂತಿಯನ್ನು 40ರಿಂದ 32 ಇಂಚಿಗೆ ಇಳಿಸಿ. ಆ 60 ಅಡಿ 24 ಅಡಿಗೆ ಇಳಿಯುತ್ತೆ. ಮೂತಿ ಹಾಗೇ 40ರಲ್ಲೇ ಇದ್ದು ಸೀಟು ಮಾತ್ರ 6 ಇಂಚು ಎತ್ತರಿಸಿದರೆ 34 ಅಡಿ. ಎರಡೂ ಮಾಡಿದರೆ ಹದಿನೇಳೂವರೆ ಅಡಿ. ಮೂತಿ ಇಳಿಸಿದ ಮೇಲೆ ಸೀಟನ್ನು 6ರ ಬದಲು 12 ಇಂಚು ಎತ್ತರಿಸಿದರೆ ಸುಮಾರು 14 ಅಡಿ. ಮೊದಲ 6 ಇಂಚು ಆರೂವರೆ ಅಡಿ ಉಳಿಸಿತು, ಎರಡನೇ 6 ಇಂಚು ನಾಲ್ಕು ಅಡಿಯೂ ಉಳಿಸಲಿಲ್ಲ. ಹಿಂದೆ ಕುಸಿದಾಗ ಕಣ್ಣೂ ಒಂದಿಷ್ಟು ಕೆಳಗಿಳಿಯುತ್ತೆ, ಅದನ್ನು ನಾನು ಸೇರಿಸಿಲ್ಲ. ಸೇರಿಸಿದರೆ ಮೂತಿ ಇಳಿಸುವುದರ ಲಾಭ ಇನ್ನೂ ಹೆಚ್ಚು.

ತೆಪ್ಪದ ತಮ್ಮ ಅವರು ಹೇಳಿದ್ದು ಮನಸ್ಸಿಗೆ ನಾಟಿತು, ಅದನ್ನೂ ಲೆಕ್ಕ ಹಾಕಿ ನೋಡಿದೆ. ಮೂತಿಯಿಂದ 12 ಅಡಿ ಮುಂದೆ ತೆಪ್ಪ ಇದೆ ಅನ್ನಿ. ಈಗಿನ ಸ್ಥಿತಿಯಲ್ಲಿ ಅಲ್ಲಿ ನೀರಿನಿಂದ 32 ಇಂಚಿಗಿಂತ ಕೆಳಗಿರೋದು ಯಾವುದೂ ಕಾಣಲ್ಲ. ಬಗ್ಗಿ ಬಲೆ ಎಳೆಯುತ್ತಿರುವವನ ಬೆನ್ನು ಅಷ್ಟರೊಳಗೇ ಇರುತ್ತೆ. ಮೂತಿ ಇಳಿಸಿ 6 ಇಂಚು ಸೀಟು ಎತ್ತರಿಸಿದರೆ ಅದೇ ಜಾಗದಲ್ಲಿ 10 ಇಂಚಿಗಿಂತ ಮೇಲಿರೋದೆಲ್ಲಾ ಕಾಣುತ್ತೆ. ಆಗ ತೆಪ್ಪದ ಅಂಚು ಸಮೇತ ಕಾಣಬೇಕು.

ತೆಪ್ಪದ ತಮ್ಮ

ಮೇಷ್ಟ್ರೇ, ಇದನ್ನ ಬರ್ಕೊಂಡೋಗಿ ನಮ್ಮ ದಡದಲ್ಲಿ ಮೋಟ್ರು ಇಟ್ಟಿರೋ ಎಲ್ರಿಗೂ ಓದಿ ಹೇಳ್ತೀನಿ.

ಗಾಳದ ಹುಚ್ಚು

ನಾನು ಬೇರೆ ಅಭಿಪ್ರಾಯದವನು. ವಿದೇಶಿ ವಿಡಿಯೋಗಳಲ್ಲಿ ನೋಡಿ, ಕಂಬದ ಮೇಲೆ ತಿರುಗೋ ಕುರ್ಚಿ ಹಾಕಿರ್ತಾರೆ, ಎರಡಡಿ ಎತ್ತರ. ಸುತ್ತ ಎಲ್ಲಾ ಕಾಣುತ್ತೆ, ಬೆನ್ನಿಗೂ ಆರಾಮ. 5 ಅಡಿ ಅಗಲದ ದೋಣಿ ಅದನ್ನು ತಡೆಯಲ್ವಾ?

ಲೆಕ್ಕದ ಮೇಷ್ಟ್ರು

ಆ ಎತ್ತರದ ಕುರ್ಚಿಗಳು ನಿಂತ ದೋಣಿಯಲ್ಲಿ, ಇಲ್ಲಾ ನಿಧಾನಕ್ಕೆ ಸಾಗುವಾಗ ಗಾಳ ಹಾಕಿ ಕೂರೋಕೆ ಇರೋದು. ವೇಗ ಕೊಡುವಾಗ ಅವರೂ ಕೆಳಗಿಳಿದು ತಗ್ಗಿನ ಸೀಟಿನಲ್ಲೇ ಕೂರಬೇಕು.

ದೋಣಿ ಮಗುಚದೆ ನಿಲ್ಲುವ ಶಕ್ತಿ ಅಗಲದ ಘನಕ್ಕೆ ತಕ್ಕಂತೆ ಇರುತ್ತೆ. 4ರ ಘನ 64, 5ರ ಘನ 125. ಒಂದೇ ಅಡಿ ಅಗಲ ಹೆಚ್ಚಿದರೆ ಆ ಬಲ ಹತ್ತಿರ ಹತ್ತಿರ ಎರಡರಷ್ಟು. ಆದ್ದರಿಂದ ಈ ದೋಣಿಗೆ 6 ಇಂಚು ಹೊರೆಯಾಗಲ್ಲ. ಆದರೆ 4 ಅಡಿಯ ಕಿರಿದಾದ ದೋಣಿ ಇಟ್ಟವರು ಇದನ್ನೋದಿ ಅದೇ ಅಳತೆ ಹಾಕಿಸಬೇಡಿ.

ಎಷ್ಟು ಎತ್ತರಿಸ್ತೀರಿ ಅನ್ನೋದರ ಜೊತೆ ಎಷ್ಟು ಜನರನ್ನು ಎತ್ತರಿಸ್ತೀರಿ ಅನ್ನೋದೂ ಮುಖ್ಯ. ದೋಣಿ, ಮೋಟರು, ಬಲೆ, ಜನ ಎಲ್ಲಾ ಸೇರಿ 550 ಕಿಲೋ ಅಂತಿಟ್ಟುಕೊಳ್ಳಿ. 65 ಕಿಲೋದ ಒಬ್ಬರನ್ನು 6 ಇಂಚು ಎತ್ತರಿಸಿದರೆ ಒಟ್ಟು ಭಾರದ ಕೇಂದ್ರ ಮುಕ್ಕಾಲು ಇಂಚೂ ಮೇಲೇರಲ್ಲ. ಇನ್ನೊಬ್ಬರನ್ನು ಹತ್ತಿಸಿಕೊಂಡು ಮೂರು ಜನರನ್ನೂ ಒಂದು ಅಡಿ ಎತ್ತರಿಸಿದರೆ ಸುಮಾರು ನಾಲ್ಕು ಇಂಚು ಏರುತ್ತೆ. ಹಿಡಿಕೆ ಹಿಡಿದವರೊಬ್ಬರಿಗೆ ಕಂಡರೆ ಸಾಕಲ್ಲ, ಉಳಿದವರು ತಗ್ಗಿನಲ್ಲೇ ಕೂರಲಿ. ಎದುರು ಕೂರೋರು ತಗ್ಗಿನಲ್ಲಿದ್ದರೆ ಅಪ್ಪನ ದೃಷ್ಟಿಗೂ ಅಡ್ಡ ಬರಲ್ಲ.

ಇನ್ನು ದೋಣಿಯ ಅಂಚು. ಈಗ ಅಂಚು ಕೂತವರ ಪಕ್ಕೆ ಮಟ್ಟಕ್ಕೆ ಇರುತ್ತೆ, ಒರಗಿದರೂ ತಡೆಯುತ್ತೆ. ಒಂದಡಿ ಎತ್ತರಿಸಿದರೆ ಅದು ತೊಡೆ ಮಟ್ಟಕ್ಕೆ ಬಂದುಬಿಡುತ್ತೆ. ಗಕ್ಕನೆ ತಿರುಗಿದಾಗ ಹಿಡಿಯೋಕೆ ಏನೂ ಇರಲ್ಲ.

ಕಬಿನಿ ದಡ

ಕ್ರೇಟ್ ಮಾತು ವಾಪಸ್ ತಗೋತೀನಿ, ಕಾರಣ ಸರಿಯಾಗಿದೆ. ಒಂದು ಮಾತು ಸೇರಿಸ್ತೀನಿ. ನಮ್ಮಲ್ಲಿ ಬೀಚನಹಳ್ಳಿ (ಕಬಿನಿ) ಅಣೆಕಟ್ಟೆ ಆದಾಗ, ಅಂದ್ರೆ 1974ರಲ್ಲಿ, ಮುಳುಗಿದ ಕಾಡಿನ ಮರಗಳು ಇನ್ನೂ ನಿಂತಿವೆ. ಬೇಸಿಗೇಲಿ ನೀರು ಇಳಿದಾಗ ತುದಿ ಹೊರಗೆ ಕಾಣುತ್ತೆ, ಅವು ಪರವಾಗಿಲ್ಲ. ಅಪಾಯ ಇರೋದು ನೀರಿನ ಅರ್ಧ ಅಡಿ ಕೆಳಗೆ ನಿಂತಿರೋ ಮೋಟುಗಳದ್ದು. ಅವು ಎಷ್ಟು ಎತ್ತರ ಕೂತರೂ ಬಿಸಿಲಿನ ಝಳಕ್ಕೆ ಕಾಣಲ್ಲ. ಪೋಲರಾಯ್ಡ್ ಕನ್ನಡಕ ಹಾಕಿದ್ರೆ ನೀರಿನ ಮೇಲಿನ ಹೊಳಪು ಸತ್ತು ಒಳಗಿನ ಕಪ್ಪು ನೆರಳು ಕಾಣುತ್ತೆ. ದುಬಾರಿ ಕಂಪನೀದು ಬೇಕಿಲ್ಲ, ನಿಜವಾದ ಪೋಲರಾಯ್ಡ್ ಆಗಿರಬೇಕು ಅಷ್ಟೇ. ಅಂಗಡೀಲಿ ಮೊಬೈಲ್ ಪರದೆ ಕಡೆ ಕನ್ನಡಕ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ, ಯಾವುದೋ ಒಂದು ಕೋನದಲ್ಲಿ ಹೆಚ್ಚಿನ ಪರದೆಗಳು ಮಬ್ಬಾಗ್ತವೆ.

ಕನ್ನಂಬಾಡಿಯಲ್ಲೂ ನೀರು 124.80 ಅಡಿ ತುಂಬಿದಾಗ ಇರೋ ದಾರಿ ಬೇರೆ, ಬೇಸಿಗೇಲಿ 100ರ ಕೆಳಗಿಳಿದಾಗ ಇರೋ ದಾರಿ ಬೇರೆ ಅಲ್ವಾ? ಹಳೇ ಊರಿನ ಕಲ್ಲು, ಹೊಲದ ಬದು ಎಲ್ಲಾ ಮೇಲೆ ಬರ್ತವೆ.

ಹಿನ್ನೀರು ಬಲೆ

ನಿಜ. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯೇ ನೀರು ಇಳಿದ ವರ್ಷ ಹೊರಗೆ ಕಾಣ್ತಿತ್ತು. ಈಗ ಗುಡಿಯನ್ನು ಹೊಸ ಕನ್ನಂಬಾಡಿಗೆ ಎತ್ತಿ ಕಟ್ಟಿದ್ದಾರೆ. ಬದುಗಳು ಎಲ್ಲಿವೆ ಅಂತ ಅಪ್ಪನಿಗೆ ಬಾಯಿಪಾಠ, ನನಗೆ ಇನ್ನೂ ಬಂದಿಲ್ಲ.

ಹೊಸ ಸುದ್ದಿ: ಟ್ಯಾಂಕ್ ಮತ್ತು ಐಸ್ ಪೆಟ್ಟಿಗೆಯನ್ನು ಮುಂದಿನ ಹಲಗೆಯ ಹಿಂದಕ್ಕೆ ಸರಿಸಿದೆವು. ಪೆಟ್ರೋಲ್ ಪೈಪು ಗಿಡ್ಡವಾಯಿತು, ಉದ್ದದ್ದು ಹಾಕಿಸಿದೆ. ಪಿನ್ ಎರಡು ತೂತು ಒಳಗೆ. ಮೂತಿ ಕಣ್ಣಿಗೆ ಕಾಣುವಷ್ಟು ಇಳಿದಿದೆ, ಅದೇ ಭಾರಕ್ಕೆ ದೋಣಿ ಈಗ ಅಲೆ ಹತ್ತಿ ಓಡುತ್ತೆ. ಅಪ್ಪ ಕೂತೇ ಓಡಿಸಿದರು. ಆದರೂ ಕತ್ತು ಚಾಚಬೇಕು, ಹಾಗಾಗಿ 6 ಇಂಚು ಎತ್ತರಿಸೋದು ಖಂಡಿತ. ಹಿಂದಿನ ಸೀಟಿನಲ್ಲಿ ನೀರು ಇರಲಿಲ್ಲ. ಸೀಟು ಕಟ್ಟೋದು ಹೇಗೆ ಅಂತ ಹೇಳಿ.

ಫೈಬರ್ ಕೆಲಸ

ಮೈಸೂರಿನಲ್ಲಿ ಟ್ಯಾಂಕು, ಛಾವಣಿ, ಜಾರುಬಂಡೆಗಳ ಫೈಬರ್ ಕೆಲಸ ನಮ್ಮದು, ದೋಣಿಯನ್ನೂ ರಿಪೇರಿ ಮಾಡ್ತೀವಿ. ಮೊದಲ ಮಾತು, ಹಳೇ ಹಲಗೆ ಸೀಟು ಕತ್ತರಿಸಬೇಡಿ. ಎರಡು ಕಾರಣ. ಆ ಅಡ್ಡ ಸೀಟುಗಳೇ ದೋಣಿಯ ಎರಡು ಪಕ್ಕೆಯನ್ನು ಹಿಡಿದು ನಿಲ್ಲಿಸಿರೋದು, ತೆಗೆದರೆ ಪಕ್ಕೆ ಒಳಗೆ ಹೊರಗೆ ಆಡೋಕೆ ಶುರುವಾಗಿ ಬುಡದಲ್ಲಿ ಬಿರುಕು ಬಿಡುತ್ತೆ. ಜೊತೆಗೆ ಒಳಗಿನ ಫೋಮ್ ದೋಣಿ ನೀರು ತುಂಬಿದರೂ ಮುಳುಗದ ಹಾಗೆ ಹಿಡಿಯೋದು. ಅದು ಒಣಗಿದೆ ಅಂತ ನೋಡಿದ್ದೀರಿ, ಒಳ್ಳೇ ಫೋಮ್ ಉಳಿದಿದೆ, ಅದನ್ನು ಕಳೆದುಕೊಳ್ಳಬೇಡಿ. ಪರೀಕ್ಷೆಗೆ ಕೊರೆದ ತೂತನ್ನು ಎಪಾಕ್ಸಿ ಪುಟ್ಟಿಯಿಂದ ಇವತ್ತೇ ಮುಚ್ಚಿ.

ಹಳೇ ಸೀಟಿನ ಮೇಲೆಯೇ ಒಂದು ಪೆಟ್ಟಿಗೆ ಕೂರಿಸಿ. ಪ್ಲೈವುಡ್ ಕೊಳ್ಳುವಾಗ ಹಾಳೆ ಮೇಲೆ ಐ.ಎಸ್. 710 ಅಂತ ಮುದ್ರೆ ಇದೆಯಾ ನೋಡಿ, ಅದು ಮೆರೈನ್ ಪ್ಲೈ. 303 ಅಂತಿದ್ದರೆ ಅದು ಮನೆ ಕಪಾಟಿಗೆ, ದೋಣಿಗೆ ತರಬೇಡಿ. ಬದಿಗಳಿಗೆ 12 ಎಂಎಂ, ಕೂರುವ ಹಲಗೆಗೆ 18 ಎಂಎಂ. ಪ್ಲೈನ ಕತ್ತರಿಸಿದ ಅಂಚೇ ನೀರು ಕುಡಿಯೋದು, ಜೋಡಿಸುವ ಮೊದಲೇ ಪ್ರತಿ ಅಂಚಿಗೂ ಎಪಾಕ್ಸಿ ಕುಡಿಸಿ, ಅದು ಹೀರಿಕೊಂಡ ಮೇಲೆ ಇನ್ನೊಂದು ಸಲ.

ಬೋಲ್ಟ್ ಹಾಕೋಣ ಅಂದ್ರೆ ಸೀಟಿನ ಕೆಳಗೆ ಕೈ ಹೋಗಲ್ಲ, ಫೋಮ್ ತುಂಬಿದೆ. ಬರೀ ಸ್ಕ್ರೂ ಹಾಕಿದರೆ ತೆಳು ಫೈಬರ್‌ನಲ್ಲಿ ಅದು ಹಿಡಿಯಲ್ಲ, ಒಂದು ಮಳೆಗಾಲದಲ್ಲಿ ಸಡಿಲ ಆಗಿ ತೂತಿನಿಂದ ಫೋಮ್‌ಗೆ ನೀರಿಳಿಯುತ್ತೆ. ಅದಕ್ಕೇ ಬೋಲ್ಟ್ ಬಿಟ್ಟು ಫೈಬರ್ ಬಟ್ಟೆಯಿಂದಲೇ ಬೆಸೆಯಿರಿ. ಪೆಟ್ಟಿಗೆ ಕೂರುವ ಜಾಗದ ಸುತ್ತ ನಾಲ್ಕು ಇಂಚು, ಹಳೇ ಬಣ್ಣ, ಜೆಲ್‌ಕೋಟ್ (ಫೈಬರ್ ಮೇಲಿನ ನುಣುಪು ಪದರ) ಹೋಗಿ ಒಳಗಿನ ನಾರು ಮಬ್ಬಾಗಿ ಕಾಣುವ ತನಕ 40 ನಂಬರ್ ಪೇಪರ್ ಹಾಕಿ ಉಜ್ಜಿ. ಈ ಕೆಲಸದಲ್ಲಿ ಮೋಸ ಮಾಡಿದರೆ ಮುಂದಿನದೆಲ್ಲಾ ವ್ಯರ್ಥ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಪೂರ್ತಿ ತೋಳಿನ ಅಂಗಿ ಇರಲೇಬೇಕು, ಆ ಧೂಳು ಗಾಜಿನದು.

ಪೆಟ್ಟಿಗೆ ಮತ್ತು ಸೀಟು ಸೇರುವ ಮೂಲೆ ಚೂಪಾಗಿರಬಾರದು, ಫೈಬರ್ ಬಟ್ಟೆ ಚೂಪು ಮೂಲೆಯಲ್ಲಿ ಬಾಗದೆ ಒಳಗೆ ಗಾಳಿ ಉಳಿಯುತ್ತೆ. ಪುಟ್ಟಿ ತುಂಬಿ ಹೆಬ್ಬೆರಳಿನಿಂದ ಸವರಿ ದುಂಡು ಮಾಡಿ. ಆಮೇಲೆ ಮೂರು ಪದರ ಬಟ್ಟೆ, ಒಂದಕ್ಕಿಂತ ಮುಂದಿನದು ಸ್ವಲ್ಪ ಅಗಲ.

ರೆಸಿನ್, ಅಂದ್ರೆ ಬಟ್ಟೆಗೆ ಕುಡಿಸಿ ಗಟ್ಟಿ ಮಾಡೋ ಅಂಟಿನ ಬಗ್ಗೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅಗ್ಗ, ಹೊಸ ದೋಣಿ ಕಟ್ಟೋಕೆ ಚೆನ್ನಾಗಿದೆ, ಹಳೇ ಒಣಗಿದ ಫೈಬರ್‌ಗೆ ಅಂಟೋದರಲ್ಲಿ ಎಪಾಕ್ಸಿ ವಾಸಿ. ಎಪಾಕ್ಸಿ ಆರಿಸಿಕೊಂಡರೆ ನೇಯ್ದ ಬಟ್ಟೆ ತನ್ನಿ. ಅಂಗಡೀಲಿ ಸಿಗೋ ಚಾಪೆ ಥರದ ಮ್ಯಾಟ್‌ನ ಅಂಟು ಪಾಲಿಯೆಸ್ಟರ್‌ನಲ್ಲಿರೋ ಸ್ಟೈರೀನ್‌ಗೆ ಕರಗುತ್ತೆ, ಎಪಾಕ್ಸಿಗೆ ಸರಿಯಾಗಿ ಕರಗಲ್ಲ, ಮ್ಯಾಟ್ ಬಿರುಸಾಗೇ ಉಳಿಯುತ್ತೆ. ಮಾರ್ಚ್, ಏಪ್ರಿಲ್‌ನ ಒಣ ದಿನಗಳಲ್ಲಿ ನೆರಳಿನಲ್ಲಿ ಮಾಡಿ. ಬಿರುಬಿಸಿಲಿನಲ್ಲಿ ಡಬ್ಬದಲ್ಲೇ ಗಟ್ಟಿಯಾಗಿಬಿಡುತ್ತೆ.

ಪೆಟ್ಟಿಗೆ ಹಗುರ ಇರಲಿ. ಒಳಗೆ ಟೊಳ್ಳಾಗಿಟ್ಟು ನೀರು ಹೊರಗೆ ಹೋಗೋಕೆ ಬುಡದಲ್ಲಿ ಒಂದು ಕಂಡಿ ಬಿಡಿ. ಕೂರುವ ಹಲಗೆಯ ಅಂಚನ್ನು ದುಂಡು ಮಾಡಿ, ಬಲೆ ಸಿಕ್ಕಬಾರದು. ಮೇಲೆ ಬಣ್ಣ ಹಸಿ ಇರುವಾಗಲೇ ಜರಡಿ ಹಿಡಿದ ಮರಳು ಉದುರಿಸಿ, ಒದ್ದೆಯಾದರೂ ಜಾರಲ್ಲ.

ಮಲ್ಪೆಯಿಂದ ಮಂಡ್ಯಕ್ಕೆ

ಫೈಬರ್ ಕೆಲಸದವರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸ್ತೀನಿ. ಅಪ್ಪ 6 ಇಂಚು ಮೇಲೆ ಹೋದರೂ ಮೋಟರಿನ ಹಿಡಿಕೆ ಅಲ್ಲೇ ಇರುತ್ತೆ. ಭುಜ ಕೆಳಗೆ ವಾಲಿಸಿ ಹಿಡಿಯಬೇಕಾಗುತ್ತೆ, ಅರ್ಧ ದಿನದಲ್ಲಿ ಸೊಂಟ ಹಿಡ್ಕೊಳ್ಳುತ್ತೆ. ಹಿಡಿಕೆಗೆ ಉದ್ದನೆಯ ಕೊಳವೆ ಸಿಗಿಸೋದು ರೂಢಿಯಲ್ಲಿದೆ. ಅದು ಆಡದ ಹಾಗೆ ಬಿಗಿಯಾಗಿ ಕೂರಬೇಕು, ವೇಗ ಹೆಚ್ಚು ಕಡಿಮೆ ಮಾಡೋ ಹಿಡಿ ಅದರ ಜೊತೆ ಸಲೀಸಾಗಿ ತಿರುಗಬೇಕು. ಕಾಲಿಗೆ ಆಸರೆಯೂ ಬೇಕು. ಪಾದ ತೂಗಾಡಿದರೆ ದೋಣಿ ಎಗರಿದಾಗ ದೇಹ ನಿಲ್ಲಲ್ಲ. ನೆಲಕ್ಕೆ ಎರಡಿಂಚು ಪಟ್ಟಿ ಹೊಡೆದರೆ ಸಾಕು.

ಕಿಲ್ ಸ್ವಿಚ್ ದಾರ ಇದೆಯಾ ನಿಮ್ಮ ಮೋಟರಿಗೆ? ಓಡಿಸೋರು ಬಿದ್ದರೆ ದಾರ ಕಿತ್ತು ಬಂದು ಮೋಟರ್ ನಿಲ್ಲುತ್ತೆ. ಇದ್ದರೆ ಅದನ್ನು ಮೋಟರಿಗೇ ಸುತ್ತಿಡೋದು ಬಿಟ್ಟು ಅಪ್ಪನ ಮಣಿಕಟ್ಟಿಗೆ, ಇಲ್ಲಾ ಲೈಫ್ ಜಾಕೆಟ್ಟಿಗೆ ಸಿಗಿಸಿ. ಎತ್ತರದಲ್ಲಿ ಕೂತವರಿಗೆ ಇದು ಇನ್ನೂ ಹೆಚ್ಚು ಬೇಕು.

ಪೆಟ್ಟಿಗೆಯನ್ನು ಕಾಯಂ ಬೆಸೆಯುವ ಮೊದಲು ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಸೊಂಟಮಟ್ಟದ ನೀರಿನಲ್ಲಿ, ಮೋಟರ್ ಆಫ್ ಮಾಡಿ ಪರೀಕ್ಷೆ ಮಾಡಿ. ಅಪ್ಪ ಪೆಟ್ಟಿಗೆ ಮೇಲೆ, ನೀವು ಅದೇ ಬದಿಯ ಅಂಚಿಗೆ. ಅಂಚಿನಿಂದ ನೀರಿಗೆ ಎಷ್ಟು ಇಂಚು ಉಳಿಯಿತು ಅಂತ ಸ್ಕೇಲ್ ಹಿಡಿಯಿರಿ. ಪೆಟ್ಟಿಗೆ ತೆಗೆದು ಅದೇ ಜಾಗದಲ್ಲಿ ಕೂತು ಮತ್ತೆ ಅಳೆಯಿರಿ. ಎರಡು ಅಳತೆಗೂ ಹೆಚ್ಚು ಅಂತರ ಇಲ್ಲದಿದ್ದರೆ ಬೆಸೆಯಿರಿ. ಅಂತರ ಜಾಸ್ತಿ ಬಂದರೆ 4 ಇಂಚಿಗೆ ಇಳಿಸಿ.

ಹಿನ್ನೀರು ಬಲೆ

ಪೆಟ್ಟಿಗೆ ಆಯ್ತು. ಪರೀಕ್ಷೆಯಲ್ಲಿ ವ್ಯತ್ಯಾಸ ಒಂದು ಬೆರಳಿನಷ್ಟೂ ಇರಲಿಲ್ಲ, ಬೆಸೆದಿದ್ದೇವೆ. ಅಪ್ಪ ಈಗ ಬೆನ್ನು ನೇರ ಮಾಡಿ ಕೂತು ಓಡಿಸ್ತಾರೆ. ಕಿಲ್ ಸ್ವಿಚ್ ದಾರ ತುಂಡಾಗಿತ್ತು, ಹೊಸದು ತಂದೆ. ಕೊಳವೆ ಇನ್ನೂ ಹಾಕಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಆಷಾಢದ ಗಾಳಿಯಲ್ಲಿ ಹಿನ್ನೀರಿನಲ್ಲಿ ಅಲೆ ಏಳುತ್ತಲ್ಲ, ಆಗ ಮೂತಿ ತಗ್ಗಾಗಿದ್ದರೆ ನೀರು ಒಳಗೆ ಬರಲ್ವಾ?

ಮಲ್ಪೆಯಿಂದ ಮಂಡ್ಯಕ್ಕೆ

ಬರುತ್ತೆ. ಆಗ ಪಿನ್ ಒಂದು ತೂತು ಹೊರಗೆ ಹಾಕಿ, ಐಸ್ ಪೆಟ್ಟಿಗೆಯನ್ನು ನಡುವಿನ ಹಲಗೆ ತನಕ ಹಿಂದೆ ತನ್ನಿ, ವೇಗವನ್ನು 8 ಕಿ.ಮೀ. ಒಳಗೆ ಇಳಿಸಿ. ಆ ವೇಗದಲ್ಲಿ ಮೂತಿ ತಾನಾಗಿ ಏಳಲ್ಲ, ಅಪ್ಪನಿಗೆ ಕಾಣೋದಕ್ಕೂ ಅಡ್ಡಿಯಾಗಲ್ಲ. ಅಲೆಗೆ ನೇರ ಹೋಗದೆ ಸ್ವಲ್ಪ ಓರೆಯಾಗಿ ಹೋಗಿ. ಅಲೆಯ ನೆತ್ತಿ ಒಡೆದು ಬಿಳಿ ನೊರೆ ಕಾಣೋಕೆ ಶುರುವಾಯಿತು ಅಂದ್ರೆ ಬಲೆ ನಾಳೆ ಎತ್ತಿದರಾಯಿತು, ಅವತ್ತು ದಡದಲ್ಲೇ ಇರಿ.